ಮಳೆಯ ಮೇಲೆ ಗೂಬೆ ಕೂರಿಸಬೇಡಿ

ಚೆನ್ನೈನ ದಕ್ಷಿಣ ಅಂಚಿನ ಕ್ರೋಂಪೇಟೆ, ಚಿಟ್ಲಪಾಕ್ಕಂ, ತಾಂಬರಂ ಮುಳುಗಿದಾಗಲೆಲ್ಲ ಆಳುವವರ ಬಾಯಲ್ಲಿ ಬರುವ ಮಾತು ಒಂದೇ: ಇದು ಹಿಂದೆಂದೂ ಕಾಣದ ಮಳೆ, ಹವಾಮಾನವೇ ಕೆಟ್ಟಿದೆ, ನಾವೇನು ಮಾಡಲಾದೀತು? 2015ರಲ್ಲಿ ಕೇಳಿದ್ದೆವು, 2023ರಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಮತ್ತೆ ಕೇಳಿದೆವು. ಹವಾಮಾನ ಬದಲಾಗಿದೆ ಎಂಬುದು ಸತ್ಯ. ಆ ಸತ್ಯವನ್ನು ಜಾಮೀನು ಅರ್ಜಿಯಂತೆ ಬಳಸುವುದು ಅನ್ಯಾಯ.

2015ರ ಡಿಸೆಂಬರ್ 1ರಿಂದ 24 ಗಂಟೆಗಳಲ್ಲಿ ತಾಂಬರಂನಲ್ಲಿ ಸುರಿದದ್ದು ಸುಮಾರು 49 ಸೆಂ.ಮೀ. ಮಳೆ. ಆ ವಾರವೇ ಪ್ಯಾರಿಸ್‌ನಲ್ಲಿ ಹವಾಮಾನ ಶೃಂಗಸಭೆ ನಡೆಯುತ್ತಿತ್ತು. ಮುಳುಗಿದ ಚೆನ್ನೈ ಭೂತಾಪಕ್ಕೆ ಸಿದ್ಧ ಉದಾಹರಣೆಯಾಯಿತು. ಆದರೆ ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದಾಗ ಸಿಕ್ಕ ಉತ್ತರ ಬೇರೆ. 2016ರಲ್ಲಿ ಅಮೆರಿಕದ ಹವಾಮಾನ ಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕೆ ಆ ಮಳೆಯಲ್ಲಿ ಭೂತಾಪದ ಕೈವಾಡ ಪತ್ತೆಯಾಗಲಿಲ್ಲ. ಆ ಪ್ರವಾಹದ ಕುರಿತ ಮಹಾಲೇಖಪಾಲರ ವರದಿ 2018ರಲ್ಲಿ ತಮಿಳುನಾಡು ವಿಧಾನಸಭೆಯ ಮುಂದೆ ಬಂತು. ಚೆಂಬರಂಬಾಕ್ಕಂ ಜಲಾಶಯದಿಂದ ನೀರು ಬಿಟ್ಟ ರೀತಿಯನ್ನು ಟೀಕಿಸಿದ ಆ ವರದಿ, ಇದು ಮನುಷ್ಯರೇ ತಂದುಕೊಂಡ ದುರಂತ ಎಂದಿತು.

ಭೂತಾಪದ ಕೈವಾಡ ಕಾಣದ್ದನ್ನೇ ಹಿಡಿದು ‘ನೋಡಿ, ಭೂತಾಪವೆಲ್ಲ ಕಟ್ಟುಕತೆ’ ಎನ್ನುವವರೂ ಇದ್ದಾರೆ. ಅವರು ಆ ಅಧ್ಯಯನವನ್ನು ಪೂರ್ತಿ ಓದಲಿ. ಬಂಗಾಳ ಕೊಲ್ಲಿಯ ಮೇಲೆ ಕವಿದ ಹೊಗೆ, ದೂಳಿನ ಕಣಗಳು ಬಿಸಿಲನ್ನು ತಡೆದು ಸಮುದ್ರ ಕಾಯುವುದನ್ನು ಮರೆಮಾಚಿರಬಹುದು ಎಂಬ ಸೂಚನೆಯೂ ಅದರಲ್ಲಿದೆ. ಗಾಳಿಯಲ್ಲಿನ ಕಣಗಳು ಕೆಲವೇ ದಿನಗಳಲ್ಲಿ ನೆಲಕ್ಕಿಳಿಯುತ್ತವೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟು ಬಂದ ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ನಿಲ್ಲುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 280 ಪಾಲಿತ್ತು, ಈಗ 420 ದಾಟಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಉಸಿರಾಟಕ್ಕಾಗಿ ನಾವು ಹೊಗೆ ಕಡಿಮೆ ಮಾಡಲೇಬೇಕು; ಮಾಡಿದಂತೆಲ್ಲ ಮರೆಯಲ್ಲಿದ್ದ ಶಾಖ ಬಯಲಾಗುತ್ತದೆ. ಅಂದರೆ ಭೂತಾಪದ ಪೂರ್ತಿ ಪೆಟ್ಟು ಬೀಳುವ ಮೊದಲೇ ಈ ಬಡಾವಣೆಗಳು ಮುಳುಗಿವೆ. ನನ್ನನ್ನು ಹೆದರಿಸುವುದು ಇದೇ.

ಮುಳುಗಿದ್ದೇಕೆ ಎಂದು ತಿಳಿಯಲು ಉಪಗ್ರಹ ಬೇಕಿಲ್ಲ. ಚಿಟ್ಲಪಾಕ್ಕಂ ಕೆರೆ ಕೋಡಿ ಬಿದ್ದರೆ ಸೆಂಬಾಕ್ಕಂ ಕೆರೆಗೆ, ಅಲ್ಲಿಂದ ನನ್ಮಂಗಲಂ, ಕೀಳ್ಕಟ್ಟಳೈ, ನಾರಾಯಣಪುರಂ ಕೆರೆಗಳನ್ನು ದಾಟಿ ನೀರು ಪಳ್ಳಿಕರಣೈ ಜೌಗಿಗೆ ಸೇರಬೇಕು. ಹಿಂದಿನವರು ನೆಲದ ಇಳಿಜಾರು ನೋಡಿ ಕಟ್ಟಿದ ಸರಣಿ ಇದು. ಈಗ ಕೆರೆಯಂಗಳದಲ್ಲಿ ಮನೆಗಳಿವೆ, ಕಾಲುವೆಯಲ್ಲಿ ಚರಂಡಿ ನೀರಿದೆ. ಪಲ್ಲಾವರಂ ದೊಡ್ಡ ಕೆರೆಯನ್ನು ಸೀಳಿ 200 ಅಡಿ ರಸ್ತೆ ಹೋಗಿದೆ. ಪಳ್ಳಿಕರಣೈ ಮೂಲ ವಿಸ್ತಾರದ ಸುಮಾರು ಹತ್ತನೇ ಒಂದು ಪಾಲಿಗೆ ಕುಗ್ಗಿದೆ; ಅದರ ಮಗ್ಗುಲಲ್ಲೇ ಪೆರುಂಗುಡಿಯ ಕಸದ ರಾಶಿ. 2022ರಲ್ಲಿ ಆ ಜೌಗಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಎಂಬ ರಾಮ್ಸರ್ ಮಾನ್ಯತೆ ಸಿಕ್ಕಿದಾಗ ಸಂಭ್ರಮಿಸಿದ ಸರ್ಕಾರ, ಅದಕ್ಕೆ ನೀರು ತರುವ ಕಾಲುವೆಗಳನ್ನು ಕೇಳುವವರಿಲ್ಲದಂತೆ ಬಿಟ್ಟಿದೆ. 2021ರ ನವೆಂಬರ್‌ನಲ್ಲಿ ಕ್ರೋಂಪೇಟೆಯ ಸರ್ಕಾರಿ ಆಸ್ಪತ್ರೆಗೇ ಮಳೆ ನೀರು ನುಗ್ಗಿತು. ರೋಗಿಗಳು ಮಲಗುವ ಜಾಗಕ್ಕೆ ನೀರು ಬಂದದ್ದನ್ನು ಮುಗಿಲಿನ ತಪ್ಪು ಎನ್ನುವವರಿಗೆ ನಾಚಿಕೆಯಾಗಬೇಕು.

ಇದೇ ಚೆನ್ನೈ 2019ರ ಬೇಸಿಗೆಯಲ್ಲಿ ಬಾಯಾರಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಿಕೊಂಡಿತ್ತು. ಚರ್ಮ ಹದ ಮಾಡುವ ಘಟಕಗಳ ಕ್ರೋಮಿಯಂ ಸೇರಿ ಕೆಟ್ಟಿರುವ ಪಲ್ಲಾವರಂ–ಕ್ರೋಂಪೇಟೆ ಸುತ್ತಿನ ಅಂತರ್ಜಲವನ್ನು ನಂಬಿ ಬದುಕುವಂತಿಲ್ಲ. ಇಂಥ ಊರಿಗೆ ಒಂದೊಂದು ಕೆರೆಯೂ ಪ್ರಾಣ. ಮಿಚಾಂಗ್ ಬಂದಾಗ, ಮಳೆನೀರು ಚರಂಡಿಗೆಂದು ಸರ್ಕಾರ ಹೇಳಿದ 4,000 ಕೋಟಿ ರೂಪಾಯಿ ಎಲ್ಲಿ ಹೋಯಿತೆಂದು ಜನ ಕೇಳಿದರು. ಕೇಳಬೇಕಾದ್ದೇ. ಆದರೆ ಹರಿದ ನೀರು ನಿಲ್ಲಲು ಕೆರೆಯೇ ಇಲ್ಲದ ಮೇಲೆ ಚರಂಡಿಯ ಅಗಲದಿಂದ ಏನಾದೀತು?

ಕನ್ನಡಿಗರು ಇದನ್ನು ಪಕ್ಕದ ರಾಜ್ಯದ ಸುದ್ದಿ ಎಂದು ಓದಬಾರದು. ಬೆಂಗಳೂರಿಗೆ ಸಮುದ್ರವಿಲ್ಲ, ಇರುವುದು 900 ಮೀಟರ್ ಎತ್ತರದಲ್ಲಿ. ಆದರೂ 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಿದೆವು. ರಾಜಕಾಲುವೆಯ ಮೇಲೆ ನಕ್ಷೆ ಮಂಜೂರು ಮಾಡಿದ ಕೈ ಯಾವುದೆಂದು ಇಲ್ಲೂ ಯಾರೂ ಹೇಳಲಿಲ್ಲ.

ಭಾರತೀಯನೊಬ್ಬನ ಇಂಗಾಲದ ಪಾಲು ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಶ್ರೀಮಂತ ದೇಶಗಳಿಂದ ಪರಿಹಾರ ಕೇಳುವ ಹಕ್ಕು ನಮಗಿದೆ, ಕೇಳೋಣ. ಆದರೆ ಸೆಂಬಾಕ್ಕಂನ ಕಾಲುವೆಯನ್ನು ಮುಚ್ಚಿದವರು ಅಮೆರಿಕದವರಲ್ಲ. ತಾಂಬರಂ ಮಹಾನಗರ ಪಾಲಿಕೆ ಮುಂದಿನ ಹಿಂಗಾರಿಗೆ ಮೊದಲು ಚಿಟ್ಲಪಾಕ್ಕಂನಿಂದ ಪಳ್ಳಿಕರಣೈವರೆಗಿನ ಪ್ರತಿ ಕಾಲುವೆಯ ಸರ್ವೆ ನಂಬರು, ಮೂಲ ಅಗಲ, ಈಗಿನ ಅಗಲ, ಅಲ್ಲಿ ಕಟ್ಟಲು ಅನುಮತಿ ಕೊಟ್ಟ ಅಧಿಕಾರಿಯ ಹುದ್ದೆ, ಇಷ್ಟನ್ನೂ ಪ್ರಕಟಿಸಲಿ. ತೆರವು ಶುರುವಾಗುವುದಾದರೆ ಬಡವರ ಗುಡಿಸಲಿನಿಂದಲ್ಲ, ಸರ್ಕಾರವೇ ಕೆರೆಯೊಳಗೆ ಹಾಕಿದ ರಸ್ತೆ, ಸುರಿದ ಕಸ, ಎತ್ತಿದ ಕಟ್ಟಡಗಳಿಂದ ಶುರುವಾಗಲಿ.