ಕಟ್ಟು ನಮಗೆ, ಕಾಳು ಎತ್ತಿಗೆ

ಕಳೆದ ತಿಂಗಳು ಶಿವಮೊಗ್ಗದಿಂದ ಭದ್ರಾವತಿಗೆ, ಮಗಳ ಮನೆಗೆ ಹೊರಟೆವು. ಇಪ್ಪತ್ತು ಕಿಲೋಮೀಟರ್ ಏನು ಮಹಾ ದಾರಿ? ಆದರೆ ಬಸ್ಸಿನ ಮೆಟ್ಟಿಲು ಹತ್ತಲು ನಮ್ಮ ಮನೆಯವರಿಗೆ ಕಂಡಕ್ಟರ್ ಕೈ ಕೊಡಬೇಕಾಯಿತು. ಹಲ್ಲುಸೆಟ್ಟು ಹಾಕಿಸಿಕೊಂಡ ಮೇಲೆ ಅವರ ಊಟ ಬರೀ ಅನ್ನ, ತಿಳಿಸಾರು. ಕೈಗಡಿಯಾರ ಈಗ ಮೊಣಕೈವರೆಗೆ ಜಾರುತ್ತದೆ.

ಅಲ್ಲಿ ನೋಡಿದರೆ, ಆರನೇ ಕ್ಲಾಸಿನ ಮೊಮ್ಮಗ ಹೊಟ್ಟೆನೋವೆಂದು ಎರಡು ದಿನದಿಂದ ಶಾಲೆಗೆ ಹೋಗಿಲ್ಲ. ಮಲಬದ್ಧತೆ ಅಂದರಂತೆ ಡಾಕ್ಟರು.

"ದಿನಾ ಎರಡು ಮೊಟ್ಟೆ ತಿಂತಾನಮ್ಮ, ಇನ್ನೇನು ಕೊಡ್ಲಿ?" ಎಂದಳು ಮಗಳು.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ನಿಜ. ನಾರು ಮಾತ್ರ ಸೊನ್ನೆ. ಸೊಪ್ಪು, ಕಾಳನ್ನು ತಟ್ಟೆಯ ಅಂಚಿಗೆ ತಳ್ಳುವುದರಲ್ಲಿ ನಮ್ಮ ಹುಡುಗ ನಿಪುಣ. ಅಜ್ಜನಿಗೆ ಪ್ರೋಟೀನ್ ಸಾಲದು, ಮೊಮ್ಮಗನಿಗೆ ನಾರು ಸಾಲದು.

ಮಧ್ಯಾಹ್ನ ಹುರುಳಿಕಟ್ಟಿನ ಸಾರು. ಇಬ್ಬರೂ ಸಾರು ಸುರಿದುಕೊಂಡು ಉಂಡರು. ಬೆಂದ ಕಾಳು ಪಾತ್ರೆಯಲ್ಲೇ ಉಳಿಯಿತು. ನನಗೆ ತವರುಮನೆ ನೆನಪಾಯಿತು. ಅಲ್ಲಿ ಎತ್ತಿಗೆಂದೇ ಹುರುಳಿ ಬೇಯಿಸುತ್ತಿದ್ದರು. ಬಸಿದ ಕಟ್ಟು ನಮ್ಮ ಸಾರಿಗೆ, ಕಾಳು ಎತ್ತಿನ ಬಾನಿಗೆ.

"ಹಾಗಾದ್ರೆ ಎತ್ತೇ ಜಾಣ, ಅಜ್ಜಿ!" ಅಂದ ಮೊಮ್ಮಗ.

ಹೌದು ಮಕ್ಕಳೇ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, 8 ಗ್ರಾಂ ನಾರು ಇರುತ್ತವೆ. ಕಟ್ಟಿಗೆ ಇಳಿಯುವುದು ರುಚಿ, ಜೊತೆಗೆ ಒಂದಿಷ್ಟು ಸತ್ವ. ಹೆಚ್ಚಿನದೆಲ್ಲ ಕಾಳಿನಲ್ಲೇ. ಪಕ್ಕದಲ್ಲಿ ರಾಗಿಮುದ್ದೆ ಇದ್ದರೆ ಇನ್ನೂ ಒಳ್ಳೆಯದು: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ನಮ್ಮವರು 58 ಕಿಲೋ. ಅಂದರೆ ಸುಮಾರು 48 ಗ್ರಾಂ. ತಿಳಿಸಾರಿನಿಂದ ಅಷ್ಟು ಎಲ್ಲಿ ಬಂದೀತು? ಈಗ ಬೆಂದ ಕಾಳನ್ನು ನುಣ್ಣಗೆ ರುಬ್ಬಿ ಅವರ ಸಾರಿಗೇ ಬೆರೆಸುತ್ತೇನೆ, ರಾತ್ರಿ ಒಂದು ಲೋಟ ಹಾಲು. (ಮೂತ್ರಪಿಂಡದ ತೊಂದರೆ ಇರುವ ಅಜ್ಜ ಅಜ್ಜಿಯರು ಡಾಕ್ಟರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಿ.) ಮೊಮ್ಮಗನಿಗೆ ಅದೇ ಕಾಳಿನ ಉಸಲಿ, ಮೇಲೆ ಕಾಯಿತುರಿ. ಮೊದಲ ದಿನ ಎರಡು ಚಮಚ ಸಾಕೆಂದು ಮಗಳಿಗೆ ಹೇಳಿದೆ. ಒಮ್ಮೆಲೇ ಬಟ್ಟಲು ತುಂಬ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ನೀರೂ ಚೆನ್ನಾಗಿ ಕುಡಿಯಬೇಕು, ಇಲ್ಲದಿದ್ದರೆ ನಾರು ಒಳಗೇ ಗಟ್ಟಿಯಾಗಿ ಕೂರುತ್ತದೆ.

ನಮ್ಮವರ ಗಡಿಯಾರ ಇನ್ನೂ ಜಾರುತ್ತಲೇ ಇದೆ. ಮೊಮ್ಮಗ ಮೊನ್ನೆ ಫೋನ್ ಮಾಡಿದ್ದ. "ಅಜ್ಜಿ, ಇವತ್ತು ಎತ್ತಿನ ಪಾಲು ಪೂರ್ತಿ ತಿಂದೆ. ಶಾಲೆಗೂ ಹೋಗಿ ಬಂದೆ."