ಕಣ್ಣು ಸರಿಯಿತ್ತು, ಪರದೆ ಸರಿಯಿರಲಿಲ್ಲ

ಕಳೆದ ತಿಂಗಳು ಕಂಪ್ಯೂಟರ್ ಲ್ಯಾಬಿನಲ್ಲಿ ಎಕ್ಸೆಲ್‌ನಲ್ಲಿದ್ದ ಟ್ರಯಲ್ ಬ್ಯಾಲೆನ್ಸನ್ನು ನೋಡಿಕೊಂಡು ರೆಕಾರ್ಡ್ ಪುಸ್ತಕದಲ್ಲಿ ಬರೆದೆ. ಡೆಬಿಟ್‌ಗೂ ಕ್ರೆಡಿಟ್‌ಗೂ 2,000 ರೂಪಾಯಿ ವ್ಯತ್ಯಾಸ! ಮೂರು ಸಲ ಕೂಡಿದರೂ ಅಷ್ಟೇ. ಕೊನೆಗೆ ನೋಡಿದರೆ 6,350 ಅನ್ನು 8,350 ಎಂದು ಓದಿದ್ದೆ. ಅದೇ ವಾರ ಈ ಪತ್ರಿಕೆಯ ಕನ್ನಡ ಪುಟದ ಕರಡು ತಿದ್ದುವಾಗ ‘ಧನಸಹಾಯ’ ಎಂದಿರಬೇಕಾದದ್ದು ‘ದನಸಹಾಯ’ ಎಂದಿದ್ದರೂ ನನಗೆ ಕಾಣಲಿಲ್ಲ. ಎಲ್ಲರೂ ನಕ್ಕರು. “ನಿಮ್ಮದು ಉರ್ದು ಮನೆ ಅಲ್ವಾ, ಅದಕ್ಕೇ” ಎಂದಳು ಒಬ್ಬ ಗೆಳತಿ. ನಾನೂ ಹಾಗೇ ನಂಬಿದೆ. ಮನೆಯಲ್ಲಿ ಅಮ್ಮಿ ಕನ್ನಡಕದ ಖರ್ಚಿನ ಚಿಂತೆ ಶುರು ಮಾಡಿದರು.

ನಿಜ ತಿಳಿದದ್ದು ಒಂದು ಪೈ ಚಾರ್ಟ್‌ನಿಂದ. ನನ್ನ ಪರದೆಯಲ್ಲಿ ಅದು ಗುಂಡಗಿರದೆ ಮೊಟ್ಟೆಯಂತೆ ಅಡ್ಡ ಎಳೆದುಕೊಂಡಿತ್ತು. ಲ್ಯಾಬ್ ಸರ್ ಅದನ್ನು ನೋಡಿ, “ರೆಸಲ್ಯೂಷನ್ ತಪ್ಪಿದೆಯಮ್ಮ” ಎಂದರು.

ಆ ಪರದೆ 1920×1080ರದ್ದು. ಅಂದರೆ ಅದರಲ್ಲಿ 20,73,600 ಚುಕ್ಕೆಗಳಿವೆ. ಆದರೆ ಕಂಪ್ಯೂಟರನ್ನು ಯಾರೋ 1024×768ಕ್ಕೆ ಇಳಿಸಿದ್ದರು. 7,86,432 ಚುಕ್ಕೆಗಳ ಚಿತ್ರವನ್ನು ಪರದೆ ತನ್ನ ಅಗಲಕ್ಕೆ ಎಳೆದು ತುಂಬಿಸಿಕೊಳ್ಳುತ್ತಿತ್ತು. ಆಗ ಅಂಚುಗಳು ಮಸುಕಾಗುತ್ತವೆ. ‘ದ’ಗೂ ‘ಧ’ಗೂ ಇರುವುದು ಒಂದು ಸಣ್ಣ ಸೀಳಿನ ವ್ಯತ್ಯಾಸ, ಮೊದಲು ಹೋಗುವುದು ಅದೇ. ಉರ್ದುವಿನ ‘ಬೇ’ಗೆ ಕೆಳಗೆ ಒಂದು ಚುಕ್ಕೆ, ‘ಪೇ’ಗೆ ಮೂರು, ಮಸುಕಿನಲ್ಲಿ ಮೂರೂ ಸೇರಿ ಒಂದಾಗುತ್ತವೆ.

ಅಕ್ಷರ ದೊಡ್ಡದಾಗಿ ಕಾಣಲಿ ಎಂದೇ ಯಾರೋ ಹಾಗೆ ಮಾಡಿರಬೇಕು. ಆಸೆ ತಪ್ಪಲ್ಲ, ದಾರಿ ತಪ್ಪು. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ರೆಸಲ್ಯೂಷನ್‌ನಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನೇ ಆರಿಸಿ. ಅಕ್ಷರ ಚಿಕ್ಕದೆನಿಸಿದರೆ ಅಲ್ಲೇ ಇರುವ ‘ಸ್ಕೇಲ್’ ಅನ್ನು 100ರಿಂದ 125 ಶೇಕಡಕ್ಕೆ ಏರಿಸಿ. ವಿಂಡೋಸ್ ಒಂದು ಇಂಚಿಗೆ 96 ಚುಕ್ಕೆ ಎಂದು ಎಣಿಸುವುದು 120 ಆಗುತ್ತದೆ. ಅಕ್ಷರ ದೊಡ್ಡದಾಗುತ್ತದೆ, ಸ್ಪಷ್ಟತೆಯೂ ಉಳಿಯುತ್ತದೆ. ಸರಿಯಾದ ರೆಸಲ್ಯೂಷನ್ ಪಟ್ಟಿಯಲ್ಲೇ ಇಲ್ಲದಿದ್ದರೆ ಡಿಸ್‌ಪ್ಲೇ ಡ್ರೈವರ್ ಹಾಕಿಲ್ಲದಿರಬಹುದು. ಅದನ್ನು ಲ್ಯಾಬ್ ಸರ್‌ಗೆ ಹೇಳಬೇಕು.

ನನ್ನ ಅಭಿಪ್ರಾಯ ಇಷ್ಟೇ: ವರ್ಷದ ಮೊದಲ ಲ್ಯಾಬ್ ತರಗತಿಯಲ್ಲಿ ಅರ್ಧ ಗಂಟೆ ಇದಕ್ಕೆ ಮೀಸಲಿಡಬೇಕು. ಟ್ಯಾಲಿ, ಎಕ್ಸೆಲ್ ಕಲಿಯುವ ಮೊದಲು ಅದನ್ನು ಓದುವ ಪರದೆಯನ್ನು ಸರಿಮಾಡಿಕೊಳ್ಳಲು ಕಲಿಯಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಂಪ್ಯೂಟರ್ ಮುಟ್ಟಿದರೆ ಕೆಡುತ್ತದೆ ಎಂಬ ಹೆದರಿಕೆಯೂ ಬೇಡ: ರೆಸಲ್ಯೂಷನ್ ಬದಲಿಸಿದಾಗ ನಾವು ಒಪ್ಪದಿದ್ದರೆ 15 ಸೆಕೆಂಡಿನಲ್ಲಿ ಅದು ತಾನೇ ಮೊದಲಿನಂತಾಗುತ್ತದೆ.

ಪರದೆ ಸರಿಯಾದ ಮೇಲೂ ಮಸುಕಾಗಿ ಕಂಡರೆ ಕಣ್ಣಿನ ಡಾಕ್ಟರ ಬಳಿ ಹೋಗಲೇಬೇಕು. ನನಗೆ ಅದರ ಅಗತ್ಯ ಬೀಳಲಿಲ್ಲ. ಅಮ್ಮಿಗೆ ಹೇಳಿದಾಗ ಅವರು ನಕ್ಕೇಬಿಟ್ಟರು. ಆದರೆ ಇಷ್ಟು ದಿನ ನಾನು ಬಾಯಿ ಬಿಡದೆ ಕೂತದ್ದೇಕೆ? ಕೇಳಿದರೆ ನನ್ನ ಕನ್ನಡವೇ ಸರಿಯಿಲ್ಲ ಎನ್ನುತ್ತಾರೆಂಬ ಭಯಕ್ಕೆ. ಗೆಳತಿಯರೇ, ಗೆಳೆಯರೇ, ಪಕ್ಕದವರು ತಪ್ಪು ಓದಿದರೆ ನಗುವ ಮೊದಲು ಒಮ್ಮೆ ಅವರ ಕುರ್ಚಿಯಲ್ಲಿ ಕೂತು ಪರದೆ ನೋಡಿ.