ತೊಟ್ಟಿಯಲ್ಲಿ ಉಳಿದ ಕ್ಲೋರಿನ್ ಎಷ್ಟು?

ಕಳೆದ ಆಷಾಢದಲ್ಲಿ ನಮ್ಮ ಮೊಮ್ಮಗಳು ವಾಂತಿ-ಭೇದಿಯಿಂದ ಆರು ದಿನ ಶಾಲೆಗೆ ಹೋಗಲಿಲ್ಲ. ಕಾಯಿಲೆಗೆ ಮನೆಯ ನೀರೇ ಕಾರಣವಾಗಿತ್ತೆಂದು ನಾನು ಹೇಳಲಾರೆ. ಆದರೆ ತೊಟ್ಟಿಗೆ ತಪ್ಪದೆ ಟಿಸಿಎಲ್ ಪುಡಿ ಹಾಕುತ್ತಿದ್ದೇವೆಂಬ ನಮ್ಮ ಧೈರ್ಯ ಆ ವಾರವೇ ಮುರಿಯಿತು. ಪರೀಕ್ಷೆಯ ನಳಿಕೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ದ್ರಾವಣದ ಹನಿ ಬಿಟ್ಟರೆ ಹಳದಿಯ ಸುಳಿವೂ ಕಾಣಲಿಲ್ಲ. ಪುಡಿಯ ಚೀಲವನ್ನು ಎರಡು ಮಳೆಗಾಲದಿಂದ ಬಾಯಿ ಕಟ್ಟದೆ ಇಟ್ಟಿದ್ದೆವು. ನಾವು ಹಾಕುತ್ತಿದ್ದುದು ಬಹುಪಾಲು ಬರಿಯ ಸುಣ್ಣ.

ಸಿದ್ಧರಾಮನು ಕೆರೆ ತೋಡಿಸಿದ ಸೊನ್ನಲಿಗೆ ಇಂದು ಭೀಮಾ ನದಿಯ ಉಜನಿ ಜಲಾಶಯದ ನೀರನ್ನು ಕಾಯುತ್ತದೆ. ನಳಕ್ಕೆ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಹೀಗಾಗಿ ಸೋಲಾಪುರದ ಪ್ರತಿ ಮನೆಯೂ ಒಂದು ಸಣ್ಣ ಜಲಾಶಯ. ಅಕ್ಕಲಕೋಟೆಯ ಹಳ್ಳಿಗಳಲ್ಲಿ ಬಾವಿ, ಕೊಳವೆಬಾವಿಗಳ ನೀರು ಹೌದಿಗೂ ಪೀಪಾಯಿಗೂ ಸೇರುತ್ತದೆ. ಶುದ್ಧೀಕರಣ ಕೇಂದ್ರದಲ್ಲಿ ಬೆರೆಸಿದ ಕ್ಲೋರಿನ್ ನಮ್ಮ ತೊಟ್ಟಿಯಲ್ಲಿ ನಾಲ್ಕು ದಿನ ಕಾವಲಿರುವುದೆಂದು ನಂಬಲಾಗದು. ನೀರಿನ ಕೊಳೆ ಅದನ್ನು ತಿನ್ನುತ್ತದೆ, ಬಿಸಿಲು ಒಡೆಯುತ್ತದೆ, ಸೆಕೆ ಹಾರಿಸುತ್ತದೆ. ಪರದೇಶದಲ್ಲಿರುವ ನಮ್ಮವರ ಮನೆಗಳ ಬಿಸಿನೀರಿನ ಸ್ನಾನದ ಕೊಳಗಳಿಗೂ ಇದೇ ನಿಯಮ. ಅಲ್ಲಿ ಕಾದ ನೀರಿಗೆ ಮೈಕೊಳೆಯೂ ಬೆರೆಯುವುದರಿಂದ ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಂಗಿಂತ ಇಳಿಯದಂತೆ ಪಟ್ಟಿಗಳಿಂದ ಮತ್ತೆ ಮತ್ತೆ ಅಳೆಯುತ್ತಾರೆ. ಮೀಯುವ ನೀರಿಗೆ ಅಷ್ಟು ಎಚ್ಚರ. ಕುಡಿಯುವ ನೀರಿಗೆ ನಮ್ಮಲ್ಲಿ ಮೂಗೇ ಮಾಪಕ! ವಾಸನೆ ಮೋಸ ಮಾಡುತ್ತದೆ. ಕೊಳೆಯೊಡನೆ ಸೇರಿ ಬಲಗುಂದಿದ ಕ್ಲೋರಿನ್ನೂ ಗಾಢವಾಗಿ ನಾರುವುದುಂಟು.

ಕುಡಿಯುವ ನೀರಿನಲ್ಲಿ ಉಳಿದ ಮುಕ್ತ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು, 1 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಗ್ರಾಮಪಂಚಾಯತಿಯ ನೀರು ನೋಡುವವರು ಮಾಡುವ ಓಟಿ ಪರೀಕ್ಷೆ ಇದಕ್ಕಾಗಿಯೇ. ಆರ್ಥೋಟಾಲಿಡಿನ್ ಹನಿ ಬಿದ್ದೊಡನೆ, ಸುಮಾರು 10 ಸೆಕೆಂಡಿನೊಳಗೆ ಮೂಡುವ ಹಳದಿಯನ್ನು ಬಣ್ಣದ ಪಟ್ಟಿಯೊಡನೆ ಹೋಲಿಸಬೇಕು. ಕಾಲು ಗಂಟೆ ಬಿಟ್ಟು ನೋಡಿ ‘ಹಳದಿ ಬಂತು’ ಎಂದು ಹಿಗ್ಗುವವರನ್ನು ಕಂಡಿದ್ದೇನೆ. ಆಗ ಕಾಣುವುದರಲ್ಲಿ ಬಲಗುಂದಿದ ಕ್ಲೋರಿನ್ನಿನ ಬಣ್ಣವೂ ಸೇರಿರುತ್ತದೆ. ಆ ದ್ರಾವಣ ಆಮ್ಲದಲ್ಲಿ ಕರಗಿಸಿದ್ದು, ಸ್ವತಃ ವಿಷಕಾರಿ. ಪರೀಕ್ಷಿಸಿದ ನೀರು ಮೋರಿಗೆ ಹೋಗಬೇಕು, ಸೀಸೆ ಮಕ್ಕಳ ಕೈಗೆ ಎಟುಕಬಾರದು. ಮನೆಯಲ್ಲಿ ಮಕ್ಕಳ ಎದುರಿಗೆ ಪರೀಕ್ಷಿಸುವವರಿಗೆ ಗುಲಾಬಿ ಬಣ್ಣ ಕೊಡುವ ಡಿಪಿಡಿ ಗುಳಿಗೆಯೇ ಲೇಸು.

ಇನ್ನು ಪ್ರಮಾಣ. ಹೊಸ ಪುಡಿಯಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ತಿಳಿಯಾದ 1000 ಲೀಟರ್ ನೀರಿಗೆ 2.5 ಗ್ರಾಂ ಸಾಕು. ಇಷ್ಟು ಸ್ವಲ್ಪವನ್ನು ಮನೆಯ ತಕ್ಕಡಿ ತೂಗದು. ಆದುದರಿಂದ ದೊಡ್ಡವರೊಬ್ಬರು ಗಾಳಿಯಾಡುವ ಕಡೆ ಕುಳಿತು 25 ಗ್ರಾಂ ಪುಡಿಯನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಒಂದು ಲೀಟರ್ ನೀರಿಗೆ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಳ್ಳಬೇಕು. ಆ ತಿಳಿಯಲ್ಲಿ 100 ಮಿಲಿಲೀಟರ್ 1000 ಲೀಟರಿನ ಟ್ಯಾಂಕಿಗೆ, 20 ಮಿಲಿಲೀಟರ್ 200 ಲೀಟರಿನ ಪೀಪಾಯಿಗೆ. ಉಳಿದದ್ದನ್ನು ನಾಳೆಗೆ ಇಡಬೇಡಿ. ಶೌಚಾಲಯ ತೊಳೆಯುವ ಆಮ್ಲ ಅದರ ಹತ್ತಿರ ಸುಳಿಯಕೂಡದು. ಎರಡೂ ಕೂಡಿದರೆ ವಿಷಗಾಳಿ ಏಳುತ್ತದೆ. ಆರೋಗ್ಯ ಕಾರ್ಯಕರ್ತೆಯರು ಕೊಡುವ ಕ್ಲೋರಿನ್ ಸೀಸೆಗೆ ಈ ಲೆಕ್ಕ ಹೊಂದದು, ಅದರ ಮೇಲಿನ ಸೂಚನೆಯೇ ಪ್ರಮಾಣ.

ಚೆನ್ನಾಗಿ ಕಲಕಿ ಅರ್ಧ ಗಂಟೆ ಮುಚ್ಚಿಡಿ, ಬಳಿಕ ಅಳೆಯಿರಿ. ಬಣ್ಣ ಬಾರದಿದ್ದರೆ ಮೊದಲಿನ ಅರ್ಧದಷ್ಟು ಮತ್ತೆ ಹಾಕಿ, ಅರ್ಧ ಗಂಟೆ ಕಾದು ಮತ್ತೆ ಅಳೆಯಬೇಕು. ಪಟ್ಟಿಯ 1ನ್ನು ದಾಟಿದ್ದರೆ ಬಟ್ಟೆ ಕಟ್ಟಿ ಕೆಲವು ತಾಸು ತೆರೆದಿಡಿ ಅಥವಾ ಹೊಸ ನೀರು ಬೆರೆಸಿ. ಎಷ್ಟು ಹಾಕಿದರೂ ಬಣ್ಣ ನಿಲ್ಲದಿದ್ದರೆ ಪುಡಿ ಸತ್ತಿದೆ, ಇಲ್ಲವೇ ತೊಟ್ಟಿಯ ತಳದಲ್ಲಿ ಕೆಸರಿದೆ; ನಮ್ಮಲ್ಲಿ ಎರಡೂ ಇದ್ದವು. ಮಳೆಗಾಲದ ಕೆಂಪು ನೀರನ್ನು ಮೊದಲು ತಿಳಿಗೊಳಿಸದೆ ಕ್ಲೋರಿನ್ ಸುರಿಯುವುದು ವ್ಯರ್ಥ.

ಗ್ರಾಮಪಂಚಾಯತಿಗಳ ನೀರಿನ ವ್ಯವಸ್ಥೆಯನ್ನು ನೋಡಿ ಮಹಾರಾಷ್ಟ್ರದಲ್ಲಿ ಕೆಂಪು, ಹಳದಿ, ಹಸಿರು ಕಾರ್ಡು ಕೊಡುವ ಪದ್ಧತಿ ಇದೆ. ನಿಮ್ಮ ಊರಿಗೆ ಯಾವ ಬಣ್ಣ ಬಂದಿದೆಯೆಂದು ಪಾಲಕರು ಗ್ರಾಮಸಭೆಯಲ್ಲಿ ಕೇಳಬಹುದು. ನಮ್ಮ ಮೊಮ್ಮಗಳು ತನ್ನದೇ ಪಟ್ಟಿ ಮಾಡಿದ್ದಾಳೆ. ನೀರು ಬಂದ ದಿನ, ಮರುದಿನ, ಮುಂದಿನ ಸರದಿಯ ಹಿಂದಿನ ಸಂಜೆ, ಹೀಗೆ ಮೂರು ಸಲದ ಅಂಕಿಗಳನ್ನು ತೊಟ್ಟಿಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾಳೆ. ಕಳೆದ ವಾರದ ಸಾಲು: 0.5, 0.2, ಮೂರನೆಯದು ಸೊನ್ನೆ. ಆ ಸಂಜೆ ನಾವು ನೀರು ಕಾಯಿಸಿ ಕುಡಿದೆವು.